ಬರಿಗೈ ಬೇಡವೆಂದವರು

ರಂಗದ ಮೇಲೆ ಚೆನ್ನಾಗಿ ಸಾಯುವುದನ್ನು ಕಲಿಸುವವರು ಹಲವರಿದ್ದಾರೆ. ಸತ್ತವನ ಪಾತ್ರ ಮುಗಿಸಿ ಮೈಕೈ ನೆಟ್ಟಗೆ ಇಟ್ಟುಕೊಂಡು ಮನೆಗೆ ಹೋಗುವುದನ್ನು ಕಲಿಸಿದವರು, ನಾನು ಕಂಡಂತೆ, ನಮ್ಮ ಕತ್ತಿ ಮೇಷ್ಟ್ರೊಬ್ಬರೇ. ನಿರ್ದೇಶಕರು "ಇಲ್ಲೊಂದಿಷ್ಟು ಹೊಡೆದಾಟ ಹಾಕಿಬಿಡಿ" ಎಂದು ಕೈತೊಳೆದುಕೊಳ್ಳುತ್ತಿದ್ದ ಕಸುಬಿಗೆ ಶಿಸ್ತನ್ನೂ ಮರ್ಯಾದೆಯನ್ನೂ ತಂದುಕೊಟ್ಟ ಅವರು, ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ನಮ್ಮ ನಾಟಕಶಾಲೆಯಿಂದ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಮೊದಲು ಶಿಷ್ಯೆಯಾಗಿ, ಆಮೇಲೆ ಸಹೋದ್ಯೋಗಿಯಾಗಿ ಇಪ್ಪತ್ತಾರು ವರ್ಷ ಅವರ ಜೊತೆಗಿದ್ದವಳು ನಾನು.

ನಾನು ಸೇರಿದಾಗ ಅವರು ಕೈಗವಸಿನ ಕಡುವಿರೋಧಿ. ಹಿಂಬದಿಯ ಉದ್ದನೆಯ ಕೋಣೆಯಲ್ಲಿ, ಮೊಂಡು ಅಂಚಿನ ಕತ್ತಿಗಳ ಸಾಲಿನ ಮುಂದೆ, ಯಾರಾದರೂ ಕೈಗವಸು ತೊಟ್ಟು ನಿಂತರೆ "ಚಳಿ ಆಗ್ತಿದ್ಯಾ?" ಎಂದು ಕೇಳಿ ಬಿಚ್ಚಿಸುತ್ತಿದ್ದರು. "ಎದುರಿಗಿರೋರ ಭಯ ಕತ್ತಿ ಮೂಲಕ ನಿಮ್ಮ ಬೆರಳಿಗೆ ಬರುತ್ತೆ. ಮಧ್ಯೆ ಬಟ್ಟೆ ಇಟ್ಕೊಂಡ್ರೆ ಹೆಂಗೆ ಗೊತ್ತಾಗುತ್ತೆ?" ಎನ್ನುವರು. ಅದು ನಿಜವೂ ಆಗಿತ್ತು. ಮೊದಲ ಎರಡು ವರ್ಷ ಅವರೆದುರು ಆಡುವಾಗ, ಹೊಡೆತ ಬರುವ ಮೊದಲೇ ನನ್ನ ಅಂಗೈಗೆ ತಿಳಿದುಬಿಡುತ್ತಿತ್ತು. ಅಂಥ ನೆಮ್ಮದಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಎರಡನೆಯ ವರ್ಷದ ಕೊನೆಯಲ್ಲಿ, ಬಿಸಿಲು ಜೋರಾಗಿದ್ದ ಒಂದು ಮಧ್ಯಾಹ್ನ, ಜೊತೆಗಾರನ ಬೆವರಿದ ಕೈಯಲ್ಲಿ ಕತ್ತಿಯ ಹಿಡಿ ತಿರುಗಿತು. ಏಟು ನನ್ನ ಕಿರುಬೆರಳ ಮೇಲೆ ಬಿತ್ತು. ಮೂಳೆ ಎರಡು ಕಡೆ ಮುರಿಯಿತು. ಆಸ್ಪತ್ರೆಗೆ ಓಡಿಬಂದ ಅಮ್ಮ ಕೇಳಿದ್ದು ಒಂದೇ ಮಾತು: "ಮಗು ಕೈಗೆ ಗ್ಲೌಸ್ ಇರ್ಲಿಲ್ವಾ?"

"ನಾನೇ ಬೇಡ ಅಂದಿದ್ದೆ ತಾಯಿ. ತಪ್ಪು ನಂದು," ಎಂದರು ಮೇಷ್ಟ್ರು.

ಮರುದಿನ ಅದನ್ನೇ ತರಗತಿಯ ಮುಂದೆ ಹೇಳಿದರು. ಪ್ರಾಂಶುಪಾಲರಿಗೆ ಬರೆದೂ ಕೊಟ್ಟರು. ಆ ಕಾಗದದಿಂದಾಗಿ ವಿಭಾಗದ ಮುಖ್ಯಸ್ಥರ ಹುದ್ದೆ ಅವರ ಕೈತಪ್ಪಿತು. ಅದರ ಬಗ್ಗೆ ಅವರು ಗೊಣಗಿದ್ದನ್ನು ನಾನು ಕೇಳಿಲ್ಲ. ಆರು ವಾರ ದಿನ ಬಿಟ್ಟು ದಿನ ನನ್ನನ್ನು ಬೆರಳಿನ ವ್ಯಾಯಾಮಕ್ಕೆ ಕರೆದೊಯ್ದು, ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಅಂಗಡಿಯ ಕೈಗವಸುಗಳೆಲ್ಲ ಗಂಡಸರ ಅಳತೆಯವು, ನಮ್ಮಂಥ ಹುಡುಗಿಯರಿಗೆ ಸಡಿಲ. ಸಡಿಲವಾದದ್ದು ಇಲ್ಲದ್ದಕ್ಕಿಂತ ಅಪಾಯ. ಹಾಗಾಗಿ ಹನ್ನೊಂದು ವಿದ್ಯಾರ್ಥಿಗಳ ಕೈಗಳನ್ನೂ ಹಳೆಯ ಪತ್ರಿಕೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಲ್ಲಿ ಗೀಚಿ, ಚಪ್ಪಲಿ ಹೊಲಿಯುವವರ ಪಕ್ಕದಲ್ಲೇ ಕೂತು, ಬೆರಳ ಗೆಣ್ಣಿಗೆ ಮೆತ್ತೆಯಿಟ್ಟು ಹೊಲಿಸಿ ತಂದರು.

ಅಂದಿನಿಂದ ಆ ಕೋಣೆಯಲ್ಲಿ ಯಾರೂ ಬರಿಗೈಯಲ್ಲಿ ಕತ್ತಿ ಹಿಡಿದಿಲ್ಲ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ಬೆರಳೂ ಮುರಿದಿಲ್ಲ. ಅವರು ತಿದ್ದಿಕೊಂಡದ್ದು ಸರಿ ಎಂದು, ಇಂದಿಗೂ ಪೂರ್ತಿ ಮಡಚದ ಈ ಕಿರುಬೆರಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಪ್ರತಿ ವರ್ಷ ಹೊಸಬರಿಗೆ ಕೈಗವಸು ಹಂಚುವಾಗ, ಹಿಂದಿನ ಆ ಎರಡು ವರ್ಷಗಳಿಗಾಗಿ ಜೀವ ಹಾತೊರೆಯುತ್ತದೆ. ಇದನ್ನು ಅವರ ಹತ್ತಿರ ಎಂದೂ ಹೇಳಿರಲಿಲ್ಲ.

ಕಳೆದ ವಾರ ಅವರ ಕೊನೆಯ ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಕೇಳಿಯೇಬಿಟ್ಟೆ. "ಸಾರ್, ಒಂದೇ ಒಂದು ಸುತ್ತು. ಗ್ಲೌಸ್ ಇಲ್ದೆ. ನಿಧಾನವಾಗಿ ಆಡೋಣ."

ಅವರು ಸಾಲಿನಿಂದ ಎರಡು ಕತ್ತಿ ತೆಗೆದುಕೊಂಡರು.

"ನಂಗೂ ಆಸೆ ಇದೆ ಕಣಮ್ಮ," ಎಂದರು. "ಅದಕ್ಕೇ ಬೇಡ ಅಂತೀನಿ."

ಇಬ್ಬರೂ ಕೈಗವಸು ತೊಟ್ಟೇ ಆಡಿದೆವು. ಅಂಗೈಗೆ ಏನೂ ತಿಳಿಯಲಿಲ್ಲ. ಅವರ ಮುಖವನ್ನೇ ನೋಡುತ್ತ ಆಡಿದೆ.

ಮೇಷ್ಟ್ರು ಬರೆಯತೊಡಗಿರುವ ಪಠ್ಯಪುಸ್ತಕ ಬೇಗ ಮುಗಿಯಲಿ, ಮೊಣಕಾಲು ನೋವು ಅವರ ಮಾತು ಕೇಳಲಿ, ಇನ್ನೂ ಬಹುಕಾಲ ಅವರು ನಮ್ಮ ತಪ್ಪುಗಳನ್ನು ತಿದ್ದುತ್ತಿರಲಿ. ಸೋಮವಾರ ಹತ್ತು ಗಂಟೆಗೆ ಆ ಕೋಣೆಯ ಬಾಗಿಲನ್ನು ಇನ್ನು ನಾನು ತೆಗೆಯಬೇಕು. ಸಾರ್, ತಾವು ಯಾವ ಕೆಲಸಕ್ಕಾದರೂ ಆ ಕಡೆ ಬಂದರೆ, ತರಗತಿ ಹನ್ನೊಂದೂವರೆಯವರೆಗೂ ಇರುತ್ತದೆ.