ಕಾರ್ಕಳದ ಚಾರ್ಜಿಂಗ್ ಸ್ಟೇಷನ್ನಿಗೆ ಬಂದು ಹೋದ ಹೆಂಗಸು

ಇಂಥದ್ದನ್ನು ಬೇರೆಯವರು ಹೇಳುವಾಗ ನಾನು ನಂಬಿದವಳಲ್ಲ. ನೆಂಟರು ಸೇರಿದ ಕಡೆಯಲ್ಲೆಲ್ಲ ನನ್ನ ಅತ್ತಿಗೆ ಯಾರಿಗೋ ಎಲ್ಲೋ ಏನೋ ಕಂಡಿತಂತೆ ಎಂದು ಶುರುಮಾಡುವುದುಂಟು. ನಾನು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದೆ. ಈಗ ನಾನು ಹೇಳಹೊರಟಿರುವುದನ್ನು ಕೇಳಿ ನೀವೂ ಅರ್ಧಕ್ಕೇ ಎದ್ದು ಹೋದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಆದಿ ಉಡುಪಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ಶಾಲೆಗಳಿಗೆ ಯೂನಿಫಾರ್ಮ್ ಹೊಲಿದು ಕೊಡುವುದು ಮುಖ್ಯ ಕೆಲಸ. ಗದಗದ ಕಡೆಯಿಂದ ಬಂದ ರೇಣುಕಾ ಎಂಬ ಹೆಂಗಸು ನನ್ನ ಜೊತೆ ಹೊಲಿಯುತ್ತಾಳೆ. ಬಟ್ಟೆಯ ಕಟ್ಟುಗಳನ್ನು ಶಾಲೆಗಳಿಗೆ ಮುಟ್ಟಿಸಲು ಒಂದು ಹಳೆಯ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದೆ. ಯಾವುದೋ ಕಚೇರಿಯವರು ಓಡಿಸಿ ಬಿಟ್ಟದ್ದು. ಮನೆಯ ಪ್ಲಗ್ಗಿನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆಗೆ ತುಂಬುತ್ತಿತ್ತು. ತೊಂದರೆ ಇದ್ದದ್ದು ದೂರ ಹೋದಾಗ.

ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ತುದಿಗೆ ಎಲ್ಲರೂ ಗನ್ ಎನ್ನುತ್ತಾರೆ. ನನ್ನ ಕಾರು ಬಂದ ಕಾಲದಲ್ಲಿ ಫಾಸ್ಟ್ ಚಾರ್ಜಿಂಗಿಗೆ ಒಂದು ದುಂಡಗಿನ ಗನ್ ಇತ್ತು. ಆಮೇಲೆ ಸಿಸಿಎಸ್ ಎಂಬ ಬೇರೆ ಬಗೆಯ ಗನ್ ಬಂತು. ಅದಕ್ಕೆ ಕೆಳಗಡೆ ಎರಡು ದೊಡ್ಡ ಪಿನ್ನುಗಳು. ಕಂಪನಿಗಳೆಲ್ಲ ಅದರ ಹಿಂದೆ ಹೋದವು. ಒಂದರ ಗನ್ ಇನ್ನೊಂದಕ್ಕೆ ಹೋಗುವುದಿಲ್ಲ. ಮಣಿಪಾಲದಲ್ಲಿ, ಕಾಪುವಿನಲ್ಲಿ, ಹೆದ್ದಾರಿಯುದ್ದಕ್ಕೂ ಹೊಸ ಸ್ಟೇಷನ್ನುಗಳು ಎದ್ದವು. ಎಲ್ಲ ಕಂಪನಿಗಳ ಸ್ಟೇಷನ್ನುಗಳೂ ಒಂದೇ ಆ್ಯಪಿನಲ್ಲಿ ಸಿಗುವಂತಾಯಿತು. ಯಾರ ಕಾರಾದರೂ ಸರಿ, ಎಲ್ಲಿ ಬೇಕಾದರೂ ಚಾರ್ಜ್ ಮಾಡಿಕೊಳ್ಳಿ ಎಂದು ಜಾಹೀರಾತು ಬೇರೆ. ಆ ‘ಯಾರ ಕಾರಾದರೂ’ ಎಂಬುದರಲ್ಲಿ ನನ್ನ ಕಾರು ಸೇರಿರಲಿಲ್ಲ. ಕಾಪುವಿನಲ್ಲಿ ಒಮ್ಮೆ ನಾನು ಹಳೆಯ ಗನ್ ಉಂಟಾ ಎಂದು ಹುಡುಕುತ್ತಿದ್ದಾಗ ಹಿಂದಿನ ಕಾರಿನವನು ಹಾರ್ನ್ ಒತ್ತಿ, "ಇದನ್ನು ಗುಜರಿಗೆ ಹಾಕಿ ಮಾರಾಯ್ರೆ, ನಮಗೆ ಜಾಗ ಬಿಡಿ" ಎಂದು ಕೂಗಿದ್ದ. ಚಾರ್ಜಿಂಗ್ ಸ್ಟೇಷನ್ ಎಂದರೆ ನನಗೆ ಮೈ ಉರಿಯುತ್ತಿತ್ತು. ಅಲ್ಲಿ ನಿಂತವರ ಮುಖಗಳೂ ಹಾಗೇ ಇರುತ್ತಿದ್ದವು. ಪ್ರತಿಯೊಬ್ಬನಿಗೂ ತನ್ನ ಮುಂದಿನವನು ವೈರಿ.

ಶಾಲೆ ಶುರುವಾಗುವ ಮುಂಚಿನ ದಿನಗಳು. ಆ ದಿನ ಪಡುಬಿದ್ರಿಯ ಒಂದು ಶಾಲೆಗೆ ಬಟ್ಟೆ ಕೊಟ್ಟು, ಬೆಳ್ಮಣ್ ಮಾರ್ಗವಾಗಿ ಕಾರ್ಕಳಕ್ಕೆ ಹೋದೆ. ಅಲ್ಲಿಯ ಕೆಲಸ ಮುಗಿಯುವಾಗ ಮಧ್ಯಾಹ್ನ ಇಳಿದಿತ್ತು. ಉಡುಪಿಗೆ ಮುಟ್ಟುವಷ್ಟು ಚಾರ್ಜ್ ಉಳಿದಿರಲಿಲ್ಲ. ಆ್ಯಪ್ ತೆಗೆದರೆ, ಊರ ಹೊರಗಿನ ಒಂದು ಹೋಟೆಲಿನ ಅಂಗಳದಲ್ಲಿ ನನ್ನ ಬಗೆಯ ಗನ್ ಉಂಟು, ಖಾಲಿಯೂ ಉಂಟು ಎಂದು ತೋರಿಸಿತು. ಆ ಜಾಗಕ್ಕೆ ನಾನು ಅದುವರೆಗೆ ಹೋದವಳೇ ಅಲ್ಲ.

ಅಂಗಳಕ್ಕೆ ಕಾರು ತಿರುಗಿಸುವಾಗ ಚಾರ್ಜಿಂಗ್ ಯಂತ್ರದ ಹತ್ತಿರ ಏಳೆಂಟು ಜನ ಗುಂಪಾಗಿ ಮಾತಾಡುತ್ತಿದ್ದರು. ಮೂಲೆಯಲ್ಲಿ ಹಳೆಯ ಗನ್ನಿನ ಯಂತ್ರ ಪ್ಲಾಸ್ಟಿಕ್ ಶೀಟು ಸುತ್ತಿಕೊಂಡು ಸತ್ತು ನಿಂತಿತ್ತು. ಆ್ಯಪಿಗೆ ಮನಸ್ಸಿನಲ್ಲೇ ಬೈಯುತ್ತ ಇಳಿದೆ. ಅಷ್ಟರಲ್ಲಿ ಗುಂಪಿನೊಳಗಿಂದ ಒಬ್ಬ ಹೆಂಗಸು ನನ್ನನ್ನು ನೋಡಿ ಕಿರುಚಿದಳು.

"ಇವಳೇ! ಅಣ್ಣ, ಇವಳೇ! ನಿನ್ನೆ ಬಂದದ್ದು ಇವಳೇ!"

ಅವಳ ಅಣ್ಣ ಓಡಿ ಬಂದು ನನ್ನ ಕೈ ಹಿಡಿದು ಕಾರಿನ ಕೀ ಕಿತ್ತುಕೊಂಡ. ಇನ್ನೊಬ್ಬ ಬಾನೆಟ್ಟಿಗೆ ಕೈಯಿಂದ ಗುದ್ದಿದ. ಯಾರೋ ಮೊಬೈಲ್ ಎತ್ತಿ ನನ್ನ ಮುಖಕ್ಕೆ ಹಿಡಿದ. ನನಗೆ ಎಂತದೂ ಅರ್ಥವಾಗಲಿಲ್ಲ. "ಕೈ ಹಿಡಿಯುವುದು ಎಂತಕ್ಕೆ? ಕೀ ಕೊಡಿ ಮೊದಲು!" ಎಂದು ನಾನೂ ಕೂಗಿದೆ. ನನ್ನ ದನಿ ಕೇಳಿದ್ದೇ ಆ ಹೆಂಗಸಿಗೆ ಇನ್ನಷ್ಟು ಸಿಟ್ಟು ಬಂತು. "ಸ್ವರವೂ ಇದೇ" ಎಂದಳು.

ಬೈಗುಳಗಳ ನಡುವೆ ಸಂಗತಿ ನಿಧಾನವಾಗಿ ತಿಳಿಯಿತು. ಅವಳ ಹೆಸರು ಪ್ರತಿಮಾ, ಅಣ್ಣ ಸಂದೇಶ. ಹಿಂದಿನ ದಿನ ಸಂಜೆ ಇಬ್ಬರೂ ತಾಯಿಯನ್ನು ಮಣಿಪಾಲದ ವೈದ್ಯರಿಗೆ ತೋರಿಸಲು ಹೊರಟಿದ್ದರು. ಕಾರಿನಲ್ಲಿ ಚಾರ್ಜ್ ಕಡಿಮೆ ಇತ್ತು. ಗನ್ ಸಿಕ್ಕಿಸಿ, ತಾಯಿಯನ್ನು ಹೋಟೆಲಿನೊಳಗೆ ಕೂರಿಸಿ ಚಹಾ ಹೇಳಿದ್ದರು. ಒಮ್ಮೆಲೇ ತಾಯಿಗೆ ಉಸಿರು ಕಟ್ಟಿತು. ಎತ್ತಿಕೊಂಡು ಹೊರಗೆ ಬಂದು ನೋಡಿದರೆ ಅವರ ಕಾರಿನ ಗನ್ ಯಾರೋ ಕಿತ್ತಿದ್ದರು, ಪಕ್ಕದಲ್ಲಿ ನಿಂತ ಬಿಳಿ ಕಾರಿಗೆ ಸಿಕ್ಕಿಸಿದ್ದರು. ಅವರ ಕಾರಿಗೆ ಚಾರ್ಜ್ ಆಗಿರಲೇ ಇಲ್ಲ. ಸಂದೇಶ ರಸ್ತೆಗೆ ಓಡಿ ಬೇರೆ ಗಾಡಿ ತಂದು ಆಸ್ಪತ್ರೆ ಮುಟ್ಟುವಾಗ ತುಂಬ ತಡವಾಗಿತ್ತು. ತಾಯಿ ಐಸಿಯುನಲ್ಲಿದ್ದರು. ಆ ಬಿಳಿ ಕಾರು ಯಾರದ್ದು ಎಂದು ಹೋಟೆಲಿನ ಕ್ಯಾಮೆರಾದಲ್ಲಿ ನೋಡಲು ಅವರು ನೆಂಟರನ್ನು ಕರೆದುಕೊಂಡು ಬಂದಿದ್ದರು. ಅದೇ ಹೊತ್ತಿಗೆ ನಾನು ನನ್ನ ಬಿಳಿ ಕಾರಿನಲ್ಲಿ ಅಂಗಳಕ್ಕೆ ತಿರುಗಿದ್ದೆ.

"ಅಮ್ಮನನ್ನು ನೋಡಿ, ಸ್ವಲ್ಪ ಸಹಾಯ ಮಾಡಿ, ನಿಮ್ಮ ಕಾರಿನಲ್ಲಾದರೂ ಕರ್ಕೊಂಡು ಹೋಗಿ ಅಂತ ಕೈ ಮುಗಿದೆ ನಾನು" ಎಂದಳು ಪ್ರತಿಮಾ. "ನೀನು ಎಂತ ಹೇಳಿದ್ದು? ನೆನಪುಂಟಾ? ಇನ್ನು ಅವರಿಗೆ ಕಾರು ಬೇಡ ಅಂತ ಹೇಳಿದ್ದು. ನಗ್ತಾ ಹೇಳಿದ್ದು ನೀನು."

ಸುತ್ತ ನಿಂತವರು ಅದನ್ನು ಕೇಳಿ ಇನ್ನೂ ಹತ್ತಿರ ಬಂದರು. ಒಂದು ಮುಖದಲ್ಲೂ ಅನುಮಾನವಿರಲಿಲ್ಲ. ಅಷ್ಟು ಜನರ ದ್ವೇಷವನ್ನು ಅಷ್ಟು ಹತ್ತಿರದಿಂದ ನಾನು ಬೇರೆಲ್ಲೂ ಕಂಡಿಲ್ಲ.

ನಿನ್ನೆ ಸಂಜೆ ನಾನು ಅಂಗಡಿಯಲ್ಲಿದ್ದೆ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೇಣುಕಾಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. "ಅಕ್ಕಾರು ನಿನ್ನಿ ಇಡೀ ದಿನ ಅಂಗಡ್ಯಾಗ ಇದ್ದರ್ರೀ. ಯಾಕ್ರೀ, ಏನಾತು?" ಎಂದಳು. "ನಿಮ್ಮ ಕೆಲಸದವಳು ಮತ್ತೆ ಬೇರೆ ಹೇಳ್ತಾಳಾ?" ಎಂದ ಸಂದೇಶ.

ಆಗ ನನಗೆ ಹೊಳೆಯಿತು. ಯಾವ ಗನ್ ಕಿತ್ತದ್ದು ಎಂದು ಕೇಳಿದೆ. ಹೊಸ ಯಂತ್ರದ ಗನ್ ತೋರಿಸಿದರು. ಸಿಸಿಎಸ್.

"ಅದನ್ನು ನನ್ನ ಕಾರಿಗೆ ಹಾಕಿ ನೋಡಿ" ಎಂದೆ.

ಕಾರಿನ ಚಾರ್ಜಿಂಗ್ ಮುಚ್ಚಳ ತೆಗೆದು ಪಕ್ಕಕ್ಕೆ ನಿಂತೆ. ಸಂದೇಶ ಗನ್ ತಂದು ಒತ್ತಿದ. ಹೋಗಲಿಲ್ಲ. ತಿರುಗಿಸಿ ಒತ್ತಿದ, ಎರಡೂ ಕೈ ಹಾಕಿ ಒತ್ತಿದ. ಕಾರು ಅಲುಗಾಡಿತೇ ಹೊರತು ಗನ್ ಒಳಗೆ ಹೋಗಲಿಲ್ಲ. ಹೋಟೆಲಿನ ಮಾಲೀಕ ಹತ್ತಿರ ಬಂದು ಬಗ್ಗಿ ನೋಡಿದರು. "ಬಿಡಿ ಮಾರಾಯ್ರೆ, ಅದು ಹೋಗ್ಲಿಕ್ಕಿಲ್ಲ. ಇವರದ್ದು ಹಳೆಯ ನಮೂನೆಯದ್ದು. ಇದು ಇವರ ಕಾರಲ್ಲ" ಎಂದರು.

ಅಷ್ಟು ದಿನ ನಾನು ಶಪಿಸಿದ ಆ ದುಂಡಗಿನ ತೂತು ಆ ದಿನ ನನ್ನನ್ನು ಪೆಟ್ಟು ತಿನ್ನುವುದರಿಂದ ಕಾಪಾಡಿತು. ಗುಂಪು ಸಡಿಲಾಯಿತು. ಮೊಬೈಲ್ ಹಿಡಿದವನು ಅದನ್ನು ಜೇಬಿಗೆ ಹಾಕಿದ. ಕ್ಷಮಿಸಿ ಎಂದು ಒಬ್ಬರೂ ಹೇಳಲಿಲ್ಲ. ಪ್ರತಿಮಾ ಮಾತ್ರ ನಿಂತಲ್ಲಿಂದ ಕದಲದೆ, "ಗನ್ ಹೋಗದಿದ್ರೆ ಎಂತ? ನಾನು ಮುಖ ನೋಡಿದ್ದೇನೆ" ಎನ್ನುತ್ತಲೇ ಇದ್ದಳು.

ಅವಳನ್ನು ಸಮಾಧಾನ ಮಾಡಲು ಮಾಲೀಕರು ಕ್ಯಾಮೆರಾದ ವಿಡಿಯೋವನ್ನು ತಮ್ಮ ಮೊಬೈಲಿಗೆ ತರಿಸಿ ಎಲ್ಲರಿಗೂ ತೋರಿಸಿದರು. ನಾನೂ ಬಗ್ಗಿ ನೋಡಿದೆ. ನೋಡದಿದ್ದರೆ ಚೆನ್ನಾಗಿತ್ತು.

ಸಂಜೆಯ ಮಬ್ಬು ಬೆಳಕು. ಬಿಳಿ ಕಾರು ಬಂದು ನಿಲ್ಲುತ್ತದೆ. ಒಬ್ಬ ಹೆಂಗಸು ಇಳಿಯುತ್ತಾಳೆ. ಯಂತ್ರದ ಕೆಂಪು ಗುಂಡಿ ಒತ್ತುತ್ತಾಳೆ, ಪಕ್ಕದ ಕಾರಿನ ಗನ್ ಎಳೆದು ತೆಗೆದು ತನ್ನ ಕಾರಿಗೆ ಸಿಕ್ಕಿಸುತ್ತಾಳೆ. ಅದು ತಡೆಯಿಲ್ಲದೆ ಒಳಗೆ ಹೋಗುತ್ತದೆ. ಮುಖವೂ ಕಾರಿನ ನಂಬರೂ ಸ್ಪಷ್ಟವಿಲ್ಲ. ಎಡ ಮಣಿಕಟ್ಟಿನ ಮೇಲೆ ಏನೋ ಉಬ್ಬಿಕೊಂಡಿದೆ. "ವಾಚ್ ಇರ್ಬೇಕು" ಎಂದರು ಯಾರೋ. ಅದು ವಾಚಲ್ಲ. ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬು. ಅಂಗಡಿಯಲ್ಲಿ ನಾನು ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡೇ ಇರುತ್ತೇನೆ. ಬಟ್ಟೆಯ ಕಟ್ಟು ಹೊತ್ತು ಹೊತ್ತು ನನ್ನ ಬಲ ಭುಜ ಸ್ವಲ್ಪ ತಗ್ಗಿದೆ. ಅವಳದ್ದೂ ತಗ್ಗಿತ್ತು. ಕನ್ನಡಿಯಲ್ಲಿ ನಮ್ಮನ್ನು ನಾವು ಗುರುತಿಸಲು ಎಷ್ಟು ಹೊತ್ತು ಬೇಕು? ಅದು ನಾನೇ ಆಗಿದ್ದೆ.

ಇದೇ ವಿಡಿಯೋ ನೋಡಿ ಉಳಿದವರೆಲ್ಲ, "ಇವರಲ್ಲ, ಇವರ ಹಾಗೆ ಕಾಣುವ ಬೇರೆ ಯಾರೋ" ಎಂದರು. ಸ್ವಲ್ಪ ಹೊತ್ತಿನ ಹಿಂದೆ ಆಣೆ ಮಾಡಲು ತಯಾರಿದ್ದವರು ಅವರೇ. ಅಲ್ಲಿ ಸತ್ಯ ಗೊತ್ತಿದ್ದವರು ಇಬ್ಬರೇ, ಪ್ರತಿಮಾ ಮತ್ತು ನಾನು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮಾಲೀಕರು ಚಾರ್ಜಿಂಗ್ ಕಂಪನಿಗೆ ಫೋನ್ ಮಾಡಿ ಗನ್ ಬಳಸಿದ್ದು ಯಾರೆಂದು ಕೇಳಿದರು. ಪೊಲೀಸರು ಬರೆದು ಕೊಡದೆ ಹೆಸರು ಹೇಳುವುದಿಲ್ಲ ಎಂದರಂತೆ.

ಹೋಟೆಲಿನ ಹಿಂದಿನ ಸಾದಾ ಪ್ಲಗ್ಗಿನಲ್ಲಿ ಕಾರು ಹಾಕಲು ಬಿಟ್ಟರು. ಬಾಗಿಲು ಲಾಕ್ ಮಾಡಿಕೊಂಡು ಒಳಗೇ ಕೂತಿದ್ದೆ. ಊಟ ಬೇಕಾ, ನೀರು ಬೇಕಾ ಎಂದು ಯಾರೂ ಕೇಳಲಿಲ್ಲ. ಊರು ಮುಟ್ಟುವಷ್ಟು ಚಾರ್ಜ್ ಆದದ್ದೇ ಹೊರಟೆ.

ಅಂಗಡಿಯಲ್ಲಿ ರೇಣುಕಾ ಕಾದಿದ್ದಳು. ನಡೆದದ್ದನ್ನು ಹೇಳಿದೆ, ವಿಡಿಯೋದಲ್ಲಿ ಕಂಡದ್ದೊಂದನ್ನು ಬಿಟ್ಟು. ಅವಳು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟಳು.

"ಅಕ್ಕಾರ, ಅಷ್ಟು ಮಂದಿ ಮುಂದ ಫೋನಿನಾಗ ಹೇಳಲಿಲ್ಲ ನಾನು. ನಿನ್ನಿ ಸಂಜಿಮುಂದ ನೀವು ಇಲ್ಲೇ ಮಷೀನ್ ಮುಂದ ಕುಂತಿದ್ರಿ, ಖರೆ. ಆದರ ನಾ ಎಷ್ಟ್ ಕರದರೂ ಓ ಅನ್ನಲಿಲ್ಲ. ಭುಜ ಹಿಡದು ಅಲುಗಾಡಿಸಿದೆ. ಕಣ್ಣು ತೆರದೇ ಇತ್ತು. ಮೈ ತಣ್ಣಗ ಇತ್ತು. ಆಮೇಲೆ ಒಮ್ಮೆಲೇ ಎದ್ದು ಚಾ ಕುಡಿಯೂಣು ಅಂದ್ರಿ."

ಚಹಾ ಕುಡಿದದ್ದು ನನಗೆ ನೆನಪಿತ್ತು. ಅದಕ್ಕೂ ಮುಂಚಿನದ್ದು ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮಣಿಪಾಲದ ಡಾಕ್ಟರರಿಗೆ ತೋರಿಸಿದೆ. ತಲೆಯ ಸ್ಕ್ಯಾನ್ ಮಾಡಿ ಎಲ್ಲ ಸರಿ ಉಂಟು, ಸುಸ್ತು ಅಷ್ಟೇ, ನಿದ್ದೆ ಮಾಡಿ ಎಂದರು.

ಕೆಲವು ವಾರ ಕಳೆದ ಮೇಲೆ ಸಂದೇಶನ ಫೋನ್ ಬಂತು. ಹೋಟೆಲಿನವರಿಂದ ನಂಬರ್ ಪಡೆದಿದ್ದ. ತಾಯಿ ತೀರಿಕೊಂಡರಂತೆ. ಕಾರ್ಯಗಳೆಲ್ಲ ಮುಗಿದವಂತೆ.

"ಆ ದಿನ ಕೀ ಕಿತ್ಕೊಂಡದ್ದು ತಪ್ಪಾಯ್ತು, ಬೇಜಾರು ಮಾಡ್ಬೇಡಿ" ಎಂದ. "ತಂಗಿ ಮಾತ್ರ ಈಗಲೂ ಒಪ್ಪುದಿಲ್ಲ. ನೀವೇ ಅಂತಾಳೆ. ಅವಳ ಮೇಲೆ ಸಿಟ್ಟು ಮಾಡ್ಕೊಳ್ಬೇಡಿ."

ಸಿಟ್ಟಿಲ್ಲ ಎಂದೆ. ಫೋನ್ ಇಡುವ ಮುಂಚೆ ಬಾಯಿಯಿಂದ ತಾನಾಗಿಯೇ ಒಂದು ಪ್ರಶ್ನೆ ಬಂತು. ಆ ಹೆಂಗಸು ಗನ್ ತೆಗೆದು ಹೊರಟಾಗ ಕಾರು ಯಾವ ಕಡೆಗೆ ಹೋಯಿತು ಎಂದು ಕೇಳಿದೆ.

"ಉಡುಪಿ ಕಡೆಗೆ" ಎಂದ. ಆಮೇಲೆ, "ಯಾಕೆ ಕೇಳಿದ್ದು?" ಎಂದ.

ಸುಮ್ಮನೆ ಕೇಳಿದೆ ಎಂದು ಫೋನ್ ಇಟ್ಟೆ. ಆದರೆ ಅಂದಿನಿಂದ ಸಂಜೆ ಅಂಗಡಿಯ ಮುಂದೆ ಸದ್ದಿಲ್ಲದೆ ಬಂದು ಒಂದು ಕಾರು ನಿಂತರೆ, ಅದರ ಬಾಗಿಲು ತೆರೆದು ಯಾರು ಇಳಿಯುತ್ತಾರೆ ಎಂದು ಕಾಣುವವರೆಗೂ ನನ್ನ ಕಾಲು ಮಷೀನಿನ ಪೆಡಲಿನ ಮೇಲೆ ತುಳಿಯದೆ ನಿಂತೇ ಇರುತ್ತದೆ.