ಇಲಿ ಹಿಡಿದರೆ ಲಕ್ಷ್ಮಿ, ಪಾರಿವಾಳ ಹಿಡಿದರೆ ರಾಕ್ಷಸಿ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಆ ಬೆಕ್ಕಿನ ವಿಷಯದಲ್ಲಿ ಮಾತ್ರ ಇನ್ನೂ ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಸುಲ್ತಾನ್ ಬಜಾರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಬ್ಲೌಸ್ ಪೀಸು, ಲೈನಿಂಗು, ಸೀರೆಯ ಫಾಲು. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಮಾಳಿಗೆ. ಮಗ ಹಾಸ್ಟೆಲಿನಲ್ಲಿದ್ದು ಓದುತ್ತಿರುವುದರಿಂದ ಮನೆಯಲ್ಲಿ ನಾನು, ಗಂಡ, ಅತ್ತೆ ಮಾತ್ರ. ಅತ್ತೆ ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಪಾರಿವಾಳಗಳಿಗೆ ಜೋಳ ಚೆಲ್ಲಿ ಬಂದ ಮೇಲೆಯೇ ಚಹಾ ಕುಡಿಯುವವರು.

ಅಂಗಡಿಯಲ್ಲಿ ಇಲಿಗಳ ಕಾಟ ವಿಪರೀತವಾಗಿತ್ತು. ಗಿರಾಕಿಯ ಎದುರಿಗೆ ಬಟ್ಟೆಯ ತಾನು ಬಿಚ್ಚಿದರೆ ನಟ್ಟನಡುವೆ ತೂತು. ಆಗ ಬೂದು ಬಣ್ಣದ ಹೆಣ್ಣು ಬೆಕ್ಕೊಂದು ತಾನಾಗಿಯೇ ಬಂದು ಸೇರಿಕೊಂಡಿತು. ಅದು ಬೇಟೆಗೆ ಕೂರುವುದನ್ನು ನೋಡಬೇಕಿತ್ತು. ತಾನುಗಳ ಸಂದಿಗೆ ಮುಖ ಮಾಡಿ ಕೂತರೆ ಗಿರಾಕಿ ಬಂದರೂ, ಶಟರ್ ಎಳೆದರೂ ಕಿವಿಯೊಂದೇ ಅಲುಗುತ್ತಿತ್ತು. ಒಮ್ಮೆ ತನ್ನ ಅರ್ಧದಷ್ಟಿದ್ದ ಹೆಗ್ಗಣವನ್ನು ಕುತ್ತಿಗೆ ಹಿಡಿದು ಎಳೆದು ತಂದು ಗಲ್ಲಾಪೆಟ್ಟಿಗೆಯ ಮುಂದೆ ಹಾಕಿತು.

"ಇದು ಬೆಕ್ಕಲ್ಲ, ನಮ್ಮನಿ ಲಕ್ಷ್ಮಿ," ಎಂದರು ಅತ್ತೆ.

ಗಂಡ ಅದನ್ನು ಗಿರಾಕಿಗಳಿಗೆ "ನಮ್ಮ ಫೌಜದಾರ್ ಸಾಹೇಬ್ರು" ಎಂದು ಪರಿಚಯಿಸುತ್ತಿದ್ದರು. ಪಕ್ಕದ ಬಳೆ ಅಂಗಡಿಯವನು ಅದನ್ನು ಹೆಣ್ಣು ಸಿಂಹ ಮಾಡಿ "ಶೇರ್‌ನಿ" ಎಂದು ಕರೆಯುತ್ತಿದ್ದ. ಬಿರುದುಗಳಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹಾಲಿಗೆ.

ಹೊಟ್ಟೆ ತುಂಬಿಸಿದರೆ ಬೆಕ್ಕು ಇಲಿ ಹಿಡಿಯುವುದನ್ನು ಬಿಡುತ್ತದೆ ಎಂಬುದು ನಮ್ಮವರ ನಂಬಿಕೆ. "ಹಾಲ ಹಾಕಿ ರೂಢಿ ಮಾಡಬ್ಯಾಡ, ಸೋಮಾರಿ ಆಗತೈತಿ," ಎಂದು ಅತ್ತೆ ನನ್ನ ಕೈಯಿಂದ ಬಟ್ಟಲು ಕಸಿದುಕೊಂಡಿದ್ದರು. ಹೀಗಾಗಿ ಅದು ಹಿಡಿದಷ್ಟೇ ಅದರ ಊಟ. ಅಂಗಡಿಯ ಇಲಿಗಳು ಮುಗಿಯುತ್ತ ಬಂದವು. ಬೆಕ್ಕಿನ ಬೆನ್ನೆಲುಬು ಎದ್ದು ಕಾಣುತ್ತಿತ್ತು, ಹೊಟ್ಟೆ ಮಾತ್ರ ದಿನೇದಿನೇ ದೊಡ್ಡದಾಗುತ್ತಿತ್ತು.

"ಅತ್ತೀ, ಇದು ಗಬ್ಬ ಐತ್ರಿ," ಎಂದೆ.

"ಇಲಿ ತಿಂದು ಉಬ್ಬೇತಿ ಬಿಡು," ಎಂದರು.

ಅಷ್ಟರಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ನಾನು ಬೀದರಿಗೆ ಹೋದೆ. ವಾರ ಕಳೆದು ಬೆಳಗಿನ ಬಸ್ಸಿಗೆ ಬಂದಿಳಿದರೆ ಬೆಕ್ಕು ಇರಲಿಲ್ಲ. ಹಿಂದಿನ ದಿನ ಮಾಳಿಗೆಯಲ್ಲಿ ಜೋಳ ಆರಿಸುತ್ತಿದ್ದ ಪಾರಿವಾಳದ ಮೇಲೆ ಅದು ಅತ್ತೆಯ ಕಣ್ಣೆದುರಿಗೇ ಹಾರಿತ್ತಂತೆ.

"ಖೂನಿ ಮಾಡೇತಿ ಅದು," ಎಂದರು ಅತ್ತೆ. "ನಾ ಹಾಕಿದ ಕಾಳು ತಿನ್ನೋ ಹಕ್ಕೀನ ಹಿಡೀತು. ರಾಕ್ಷಸಿ."

ನನ್ನ ಮೈ ಉರಿದುಹೋಯಿತು. ಅದೇ ಹಲ್ಲು, ಅದೇ ಉಗುರು, ಅದೇ ನೆಗೆತ. ನಮ್ಮ ಬಟ್ಟೆ ಉಳಿಸಿದಾಗ ಲಕ್ಷ್ಮಿ, ನಮ್ಮ ಪುಣ್ಯಕ್ಕೆ ಬಾಯಿ ಹಾಕಿದಾಗ ರಾಕ್ಷಸಿ. ಬೇಟೆಯಾಡಲಿ ಎಂದು ಉಪವಾಸ ಕೆಡವಿದವರು ನಾವು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಅದಕ್ಕೇನು ಮೊದಲೇ ಹೇಳಿಕೊಟ್ಟಿದ್ದೆವೇ?

ಕೊಲ್ಲುವ ಹಾಗಿಲ್ಲ. ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕು ಎನ್ನುತ್ತಾರೆ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಗೋಣಿಚೀಲ. ಒಳಗೆ ತುಂಬಿ, ಬಾಯಿ ಕಟ್ಟಿ, ದಾರಿಯ ಗುರುತು ಸಿಗದಂತೆ ಸುತ್ತಿಸಿ ದೂರ ಬಿಟ್ಟು ಬಂದರೆ ಪಾಪ ಅಂಟುವುದಿಲ್ಲ. ನನ್ನ ಗಂಡ ಚೀಲವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಪಕ್ಕದ ಕೋಠಿ ಪೇಟೆಯಲ್ಲಿ ಸುಮ್ಮನೆ ಸುತ್ತು ಹಾಕಿ, ಊರಿನ ಇನ್ನೊಂದು ತುದಿಯ ಬಾಲಾನಗರದವರೆಗೆ ಹೋಗಿ ಬಿಟ್ಟು ಬಂದಿದ್ದರು.

"ಅಲ್ಲಿ ಕಾರ್ಖಾನಿ ಭಾಳ ಅದಾವ. ಇಲಿ ಸಿಗತಾವ, ಉಪವಾಸ ಬೀಳಂಗಿಲ್ಲ," ಎಂದರು, ಮಗಳನ್ನು ಒಳ್ಳೆಯ ಮನೆಗೆ ಕೊಟ್ಟು ಬಂದವರ ಹಾಗೆ.

ನಾವು ಮಾತಾಡುತ್ತಿದ್ದಾಗಲೇ ಅಟ್ಟದಿಂದ ಸಣ್ಣದೊಂದು ಸದ್ದು ಕೇಳಿಸಿತು. ಏಣಿ ಹಾಕಿ ಹತ್ತಿದೆ. ಹಳೆಯ ಲೈನಿಂಗ್ ಬಟ್ಟೆಯ ಗಂಟಿನ ನಡುವೆ ಮೂರು ಮರಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ನಿನ್ನೀಂದ ಸಪ್ಪಳ ಕೇಳಾಕತ್ತಿತ್ತು," ಎಂದರು ಅತ್ತೆ. "ನಾ ಇಲಿ ಅಂತ ತಿಳಕೊಂಡಿದ್ದೆ."

"ಅತ್ತೀ, ಅದು ಬಾಣಂತಿ ಇತ್ರಿ," ಎಂದೆ.

ನನ್ನ ಬಾಣಂತನದಲ್ಲಿ ಹೊಸ್ತಿಲು ದಾಟಲು ಬಿಡದೆ, ಹೊಟ್ಟೆ ತುಂಬ ಉಣ್ಣಿಸಿ, ಕಿವಿಗೆ ಗಾಳಿ ತಾಗದಂತೆ ಬಟ್ಟೆ ಕಟ್ಟಿದ್ದವರು ಇದೇ ಅತ್ತೆ. ಅದನ್ನು ನಾನು ಮರೆತಿಲ್ಲ. ಮರೆಯದಿರುವುದಕ್ಕೇ ಸಿಟ್ಟು ಇಷ್ಟು.

ಗಂಡನನ್ನು ಕರೆದುಕೊಂಡು ಬಾಲಾನಗರಕ್ಕೆ ಹೋದೆ. ಬಿಟ್ಟ ಜಾಗ ತೋರಿಸಿದರು: ಒಂದು ಲೇತ್ ಕಾರ್ಖಾನೆಯ ಗೋಡೆ, ತುಕ್ಕು ಹಿಡಿದ ತಗಡು, ಎಣ್ಣೆ ಮೆತ್ತಿದ ನೆಲ. ಕಾವಲುಗಾರನನ್ನು ಕೇಳಿದೆ. "ಬಿಲ್ಲಿಯಾಂ ತೋ ಭೋತ್ ಹೈ ಅಮ್ಮಾ," ಎಂದ. ಬೆಕ್ಕುಗಳೇನೋ ಬಹಳ ಇದ್ದವು. ನಮ್ಮದು ಇರಲಿಲ್ಲ. ಗಂಟಲು ಕಟ್ಟುವವರೆಗೆ ಕೂಗಿದೆ. ಗಂಡ ದೂರ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಮನೆಗೆ ಬಂದು ಹಾಲಿಗೆ ನೀರು ಬೆರೆಸಿ, ಹತ್ತಿಯನ್ನು ಅದ್ದಿ, ಮರಿಗಳ ಬಾಯಿಗೆ ಹಿಂಡಿದೆ. ಎರಡು ಮರಿಗಳು ನುಂಗಲೇ ಇಲ್ಲ, ನೋಡನೋಡುತ್ತಲೇ ಸತ್ತವು. ಅವನ್ನು ಗಂಡ ತೆಗೆದುಕೊಂಡು ಹೋದರು, ನಾನು ಎಲ್ಲಿಗೆಂದು ಕೇಳಲಿಲ್ಲ. ಮೂರನೆಯದು ಸ್ವಲ್ಪ ಚೀಪಿತು. ಬದುಕಬಹುದು ಅನ್ನಿಸಿತು.

ಆಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು, "ಇದೊಂದಾದ್ರೂ ಉಳೀಲಿ. ಅಂಗಡಿಗೆ ಆಗತೈತಿ."

ಅಂಗಡಿಗೆ. ನಾನು ಎದ್ದು ಆ ಮರಿಯನ್ನು ಅವರ ಮಡಿಲಿಗೆ ಹಾಕಿದೆ. ಹತ್ತಿ, ಬಟ್ಟಲು ಎರಡನ್ನೂ ಕೈಗೆ ಕೊಟ್ಟೆ.

"ನೀವ ಕುಡಸ್ರಿ."

ಅವರು ಕುಡಿಸಿದರು. ಸೆರಗು ಹೊದಿಸಿ, ಗಲ್ಲ ಒರೆಸಿ, ಮತ್ತೆ ಮತ್ತೆ ಹಿಂಡಿದರು. ಹಾಲೆಲ್ಲ ಬಾಯಿಯ ಪಕ್ಕದಿಂದ ಇಳಿದು ಸೀರೆ ತೊಯ್ದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಅವರ ಮಡಿಲಲ್ಲೇ ತಣ್ಣಗಾಯಿತು.

"ತಗೋವಾ ಇದನ್ನ," ಎಂದರು. "ನನಗ ನೋಡಾಕ ಆಗವಲ್ದು."

ನಾನು ತೆಗೆದುಕೊಳ್ಳಲಿಲ್ಲ.