ಡಿಸ್ಚಾರ್ಜ್ ಚೀಟಿಯ ಒಂದು ಶಬ್ದ

ಅವರ ಕನ್ನಡಕದ ಎಡಗಾಲು ಮುರಿದಿತ್ತು. ಅದಕ್ಕೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಸುತ್ತಿದ್ದರು. ಕಂಕನಾಡಿಯಲ್ಲಿ ಅವರದು ಔಷಧಿ ಅಂಗಡಿ. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಕೆಮ್ಮಿನ ಸಿರಪ್ಪುಗಳ ಪಕ್ಕದಲ್ಲಿ ಇಂಗ್ಲಿಷ್ ಶಬ್ದಗಳ ಮೂಲ ಹೇಳುವ ದಪ್ಪ ನಿಘಂಟೊಂದನ್ನು ಇಟ್ಟುಕೊಂಡಿದ್ದರು. ಮಾತ್ರೆಯ ಪಟ್ಟಿ ಕತ್ತರಿಸುತ್ತ, ಯಾರೂ ಕೇಳದಿದ್ದರೂ, ಒಂದು ಶಬ್ದ ಬಿಡಿಸುತ್ತಿದ್ದರು. "ಡಾಕ್ಟರ್ ಅಂದ್ರೆ ಲ್ಯಾಟಿನ್‌ನಲ್ಲಿ ಕಲಿಸುವವ. ಇವತ್ತು ನಿಮಗೆ ಎಂತ ಕಲಿಸಿದ್ರು?"

ನಾನು ಖಾಯಂ ಗಿರಾಕಿ. ಸೀನು ಬಂದರೆ ಉಯಿಲಿನ ಬಗ್ಗೆ ಯೋಚಿಸುವ ಜಾತಿ ನನ್ನದು. ಒಮ್ಮೆ ನನ್ನ ರಕ್ತಪರೀಕ್ಷೆಯ ವರದಿ ನೋಡಿ, "ಇದರಲ್ಲಿ ಕಾಯಿಲೆ ಇಲ್ಲ ಮಾರಾಯ. ಬೇಕಾದ್ರೆ ಬೇರೆ ಲ್ಯಾಬಿನಲ್ಲಿ ಹುಡುಕಿಸು" ಎಂದಿದ್ದರು.

ಅಮ್ಮನ ಡಿಸ್ಚಾರ್ಜ್ ಚೀಟಿ ಹಿಡಿದು ಹೋದ ದಿನ ಮಾತ್ರ ತಮಾಷೆ ಮಾಡಲಿಲ್ಲ. ಕ್ಯಾನ್ಸರ್ ಯಕೃತ್ತಿಗೆ ಹಬ್ಬಿತ್ತು. ಚೀಟಿಯ ಕೊನೆಯಲ್ಲಿ "ಪ್ಯಾಲಿಯೇಟಿವ್ ಕೇರ್" ಎಂದಿತ್ತು. ಮರುದಿನವೇ ಅಮ್ಮನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ಯಲು ನಾನು ಆಂಬುಲೆನ್ಸ್ ಗೊತ್ತುಮಾಡಿದ್ದೆ. ತಾನು ಬರುವುದಿಲ್ಲವೆಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಇದು ಎಂತ ಚಿಕಿತ್ಸೆ ಅಣ್ಣ? ಬೆಂಗಳೂರಿನಲ್ಲಿ ಒಳ್ಳೇದು ಮಾಡ್ತಾರಾ?"

ಅವರು ನಿಘಂಟಿಗೆ ಕೈ ಹಾಕಲಿಲ್ಲ. "ಪಾಲಿಯಂ ಅಂತ ಲ್ಯಾಟಿನ್ ಶಬ್ದ ಉಂಟು. ಮೈಗೆ ಹೊದ್ದುಕೊಳ್ಳುವ ಬಟ್ಟೆ. ಅದರಿಂದ ಬಂದದ್ದು ಇದು. ರೋಗ ತೆಗೀಲಿಕ್ಕೆ ಆಗುದಿಲ್ಲ, ನೋವು ತಾಗದ ಹಾಗೆ ಹೊದಿಸಬಹುದು." ಚೀಟಿಯನ್ನು ಕೆಳಗಿಟ್ಟು, "ಹೊದಿಸ್ಲಿಕ್ಕೆ ಬೆಂಗಳೂರಿಗೆ ಯಾಕೆ ಮಾರಾಯ?" ಎಂದರು.

ಆಂಬುಲೆನ್ಸ್ ಬೇಡವೆಂದು ಅಲ್ಲೇ ನಿಂತು ಫೋನು ಮಾಡಿದೆ. ಅವರು ಮಾತ್ರೆಗಳನ್ನು ಲಕೋಟೆಗಳಿಗೆ ತುಂಬಿ, ಪ್ರತಿಯೊಂದರ ಮೇಲೂ ಹೊತ್ತು ಬರೆಯುತ್ತಿದ್ದರು.

ಹೇಳಿದ್ದನ್ನು ಅಕ್ಷರಶಃ ಪಾಲಿಸುವವನು ನಾನು. ಮನೆಗೆ ಹೋದವನೇ, ಮೇ ತಿಂಗಳ ಸೆಕೆಯಲ್ಲಿ, ಅಮ್ಮನಿಗೆ ಶಾಲು ಹೊದಿಸಿದೆ.

"ಎಂತ ಮಗಾ, ನನ್ನನ್ನು ಬೇಯಿಸ್ತೀಯಾ? ತೆಗಿ ಅದನ್ನು!"

ತೆಗೆದೆ. ಬೆಂಗಳೂರು ರದ್ದಾಯಿತು ಎಂದೆ. ಅವಳು ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಸಂಜೆ ಬಂಗುಡೆ ಮೀನಿನ ಸಾರು ಕೇಳಿ, ಎರಡು ಚಮಚ ಕುಡಿದು, ಹುಳಿ ಸಾಲದು ಎಂದು ನನ್ನ ಹೆಂಡತಿಯನ್ನು ಗದರಿದಳು. ಮೂರು ವಾರ ಕಳೆದು, ತನ್ನ ಮಂಚದಲ್ಲೇ ಹೋದಳು.

ಅಣ್ಣನೂ ಕಳೆದ ವರ್ಷ ತೀರಿಕೊಂಡರು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಬದುಕಿನಲ್ಲಿ ನಾನು ತೆಗೆದುಕೊಂಡ ತೀರ್ಮಾನಗಳನ್ನೆಲ್ಲ, ಕೊಂಡ ಫ್ರಿಜ್ಜಿನ ಬಣ್ಣವನ್ನೂ ಬಿಡದೆ, ಇವತ್ತಿಗೂ ಮಗುಚಿ ಹಾಕಿ ಚಿಂತಿಸುತ್ತೇನೆ. ಅವರ ಎದುರು ನಿಂತು ಮಾಡಿದ ಆ ಒಂದು ಫೋನಿನ ಬಗ್ಗೆ ಒಂದು ದಿನವೂ ಚಿಂತಿಸಿಲ್ಲ.